ಭಯಮುಕ್ತ ಶಾಲೆಗೆ ಒಂದು ಅಂಜಿಕೆಯ ಅರ್ಜಿ

ಭಯಮುಕ್ತ ಶಾಲಾ ಅಭಿಯಾನದ ಮಾನ್ಯ ಅಧಿಕಾರಿಗಳೇ,

ನಮ್ಮೂರ ಪ್ರೌಢಶಾಲೆಯ ಗೇಟಿಗೆ ನೀವು ಹೊಡೆಸಿಹೋದ ‘ಇದು ಭಯಮುಕ್ತ ಶಾಲೆ’ ಎಂಬ ಹಳದಿ ಫಲಕದ ದೆಸೆಯಿಂದ ನನ್ನ ಮಗಳು ಶಾಲೆಗೆ ಹೋಗುವುದು ನಿಂತು ಇವತ್ತಿಗೆ ಹನ್ನೊಂದು ದಿನ. ಕೀರ್ತನಾ ಅಂತ, ಒಂಬತ್ತನೇ ಕ್ಲಾಸು. ವಾರ್ಷಿಕ ಪರೀಕ್ಷೆಗೆ ಇನ್ನು ಹದಿನೆಂಟೇ ದಿನ. ಬೈಯುವುದಕ್ಕೆ ಮೊದಲು ಅಭಿನಂದನೆಯನ್ನೂ ಹೇಳಿಬಿಡುತ್ತೇನೆ: ಫಲಕದ ಅಕ್ಷರಗಳು ಬಹಳ ಚೆನ್ನಾಗಿವೆ.

ನಾನು ಬಸ್ ಕಂಡಕ್ಟರ್. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗಿಬರುವ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ‘ಮುಂದ ಸರೀರಿ, ಮುಂದ ಸರೀರಿ’ ಅಂತ ಕೂಗಿಕೊಂಡೇ ಬದುಕಿದವನು. ದನಿ ತುಸು ಜೋರು, ಕ್ಷಮಿಸಬೇಕು.

ಆಗಸ್ಟಿನಲ್ಲಿ ಶುರುವಾಯಿತು. ಬೆಳಗ್ಗೆ ಎಂಟಾಯಿತೆಂದರೆ ಹುಡುಗಿಗೆ ಹೊಟ್ಟೆ ಹಿಂಡುವುದು, ಅಂಗೈ ತಣ್ಣಗಾಗುವುದು, ಎದೆ ಡವಡವ. ಭಾನುವಾರ ಮಾತ್ರ ಏನೂ ಇಲ್ಲ, ರೊಟ್ಟಿ ಮೇಲೆ ರೊಟ್ಟಿ. ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಅಂದರೆ ನಾಲಿಗೆ ಒಣಗಿ ಮಾತೇ ಹೊರಡದು. ನಮ್ಮವ್ವ ದ್ಯಾಮಕ್ಕ ‘ಕಣ್ಣು ಬಿದ್ದೈತಿ’ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಉಚ್ಚಂಗೆಮ್ಮನಿಗೆ ಹರಕೆ ಹೊತ್ತಳು. ನನ್ನ ಹೆಂಡತಿ ಗೀತಮ್ಮ ಮಜ್ಜಿಗೆಗೆ ಇಂಗು ಹಾಕಿ ಕುಡಿಸಿದಳು. ನಾನೇನು ಮಾಡಿದೆ? ‘ಸಾಲಿ ತಪ್ಪಿಸಾಕ ನಾಟಕ ಮಾಡ್ತಿಯೇನು’ ಅಂತ ನಾಲ್ಕು ತಿಂಗಳು ಬೈದೆ. ಮೂವರಲ್ಲಿ ಅತಿ ದಡ್ಡ ಚಿಕಿತ್ಸೆ ನನ್ನದೇ.

ಕೊನೆಗೆ ಡಿಸೆಂಬರಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದೆ. ಮನೋವೈದ್ಯರು ನನ್ನನ್ನು ಹೊರಗೆ ಕೂರಿಸಿ ಅವಳ ಜೊತೆಗೇ ಅರ್ಧ ಗಂಟೆ ಮಾತಾಡಿದರು. ಇದಕ್ಕೆ ಆತಂಕದ ಕಾಯಿಲೆ ಅನ್ನುತ್ತಾರೆ, ಹೊಟ್ಟೆನೋವು ಸುಳ್ಳಲ್ಲ, ಹುಡುಗಿ ಹೇಡಿಯಲ್ಲ, ವಾಸಿಯಾಗುತ್ತದೆ ಅಂದರು. ಮನೆಯಲ್ಲೇ ಇಟ್ಟುಕೊಂಡರೆ ಅಂಜಿಕೆ ಬೆಳೆಯುತ್ತದೆ, ಒಮ್ಮೆಗೇ ನೀರಿಗೆ ನೂಕಿದರೂ ಬೆಳೆಯುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಮೊದಲು ಅಜ್ಜಿಯ ಮುಂದೆ ಓದುವುದು, ಆಮೇಲೆ ಗೆಳತಿಯ ಮುಂದೆ, ಆಮೇಲೆ ಒಬ್ಬ ಮೇಷ್ಟ್ರ ಮುಂದೆ, ಕಡೆಗೆ ಕ್ಲಾಸಿನ ಮುಂದೆ. ಅಜ್ಜಿಯ ಮುಂದೆ ಹುಡುಗಿ ತಡವರಿಸಿದಾಗ ನಮ್ಮವ್ವ ಅಂದಳು: ‘ಓದವಾ, ತಪ್ಪು ಓದಿದ್ರೂ ನನಗೇನು ತಿಳೀತೈತಿ? ನನಗ ಅಕ್ಷರಾನ ಬರಂಗಿಲ್ಲ.’ ಹುಡುಗಿ ನಕ್ಕುಬಿಟ್ಟಳು, ನಾಲ್ಕು ಪುಟ ಓದಿದಳು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಗೆಳತಿಯ ಮೆಟ್ಟಿಲೂ ಆಯಿತು. ಮುಂದಿನದು ಶಾಲೆಯದು. ಅದಕ್ಕೆ ವೈದ್ಯರು ಒಂದು ಚೀಟಿ ಬರೆದುಕೊಟ್ಟರು: ಸದ್ಯಕ್ಕೆ ಬಾಗಿಲ ಪಕ್ಕದ ಬೆಂಚು ಕೊಡಿ, ಎದೆ ಹೊಡೆದುಕೊಂಡರೆ ಎರಡು ನಿಮಿಷ ಹೊರಗೆ ಬಿಡಿ, ಪರೀಕ್ಷೆಯಲ್ಲೂ ಹಾಗೆಯೇ. ಇಷ್ಟೇ ಸ್ವಾಮಿ. ವಾಂತಿ ಬರುವ ಪ್ರಯಾಣಿಕರಿಗೆ ನಾನು ದಿನಾ ಕಿಟಕಿ ಸೀಟು ಕೊಡಿಸುತ್ತೇನೆ. ‘ನಮ್ಮದು ವಾಂತಿಮುಕ್ತ ಬಸ್ಸು, ಇಳೀರಿ ಕೆಳಗ’ ಅನ್ನುವುದಿಲ್ಲ.

ಮುಖ್ಯೋಪಾಧ್ಯಾಯರು ಚೀಟಿಯನ್ನು ಎರಡು ಸಲ ಓದಿ, ಮಡಚಿ, ನನ್ನ ಕೈಗೇ ಇಟ್ಟರು. ‘ಇದನ್ನ ಫೈಲಿಗೆ ಹಾಕಿದ್ರ ಬೋರ್ಡು ಇಳಿಸಬೇಕಾಗತೈತ್ರಿ. ಭಯ ಇರೋ ಮಕ್ಕಳು ಶೂನ್ಯ ಅಂತ ಬರಕೊಟ್ಟೀನಿ. ಮ್ಯಾಲಿನವರು ನೋಟಿಸ್ ಕೊಟ್ರ ನನ್ನ ಗತಿ ಏನ್ರಿ?’ ಪಾಪ, ಕೆಟ್ಟವರಲ್ಲ ಅವರು. ಅಂಜಿದ್ದರು, ಅಷ್ಟೇ. ಮರುದಿನ ಕೀರ್ತನಾಳನ್ನು ಎಂದಿನಂತೆ ನಡುವಿನ ಬೆಂಚಿನಲ್ಲೇ ಕೂರಿಸಿದರು. ಮಧ್ಯಾಹ್ನಕ್ಕೆ ಬವಳಿ ಬಂದು ಬಿದ್ದಳು. ಅವತ್ತಿನಿಂದ ಹೋಗಿಲ್ಲ. ಮೊನ್ನೆ ‘ಪರೀಕ್ಷಿ ಬ್ಯಾಡಪ್ಪ, ನಾನು ಸಾಲೀನ ಬಿಡ್ತೀನಿ’ ಅಂದಳು. ಅದಕ್ಕೇ ಈ ಅರ್ಜಿ ಬರೆಯಲು ಕೂತೆ.

ಆ ಶೂನ್ಯ ಎಲ್ಲಿಂದ ಬಂತು ಹೇಳಿ? ಅಕ್ಟೋಬರಿನಲ್ಲಿ ತಾವೇ ದಯಮಾಡಿಸಿ, ಮುನ್ನೂರು ಮಕ್ಕಳನ್ನು ಬಿಸಿಲಿಗೆ ಕೂರಿಸಿ, ಮೈಕಿನಲ್ಲಿ ‘ಯಾರಿಗೆ ಭಯ ಇದೆ, ಕೈ ಎತ್ತಿ’ ಎಂದು ಅಪ್ಪಣೆ ಕೊಡಿಸಿದಿರಿ. ಹಿಂದೆ ಡ್ರಿಲ್ ಮೇಷ್ಟ್ರು ಬೆತ್ತ ಹಿಡಿದು ನಿಂತಿದ್ದರು. ಇದು ಭಯದ ಗಣತಿಯೋ, ಭಯದ ಪ್ರದರ್ಶನವೋ? ಆದರೂ ಒಬ್ಬಳು ಕೈ ಎತ್ತಿದ್ದಳು. ನನ್ನ ಮಗಳು. ಪಕ್ಕದ ಟೀಚರು ‘ಇಳಸು, ಸಾಹೇಬ್ರು ನೋಡ್ತಾರ’ ಅಂತ ಕೈ ಎಳೆದರಂತೆ. ಎದ್ದು ಒಂದು ಸಾಲು ಓದಲಾರದ ಹುಡುಗಿ ಮುನ್ನೂರು ಜನರ ನಡುವೆ ‘ನನಗೆ ಭಯ ಇದೆ’ ಅಂತ ಕೈ ಎತ್ತಿದಳಲ್ಲ, ಆ ಮೈದಾನದಲ್ಲಿ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ನಿಮ್ಮ ವರದಿಯಲ್ಲಿ ಅವಳೇ ಇಲ್ಲ.

ಫಲಕ ಇಟ್ಟುಕೊಳ್ಳಿ, ನನ್ನದೇನೂ ತಕರಾರಿಲ್ಲ. ನನಗೆ ಬೇಕಾದದ್ದು ಎರಡು ಸಾಲಿನ ಆದೇಶ: ವೈದ್ಯರ ಚೀಟಿ ತಂದ ಮಕ್ಕಳನ್ನು ಆ ಚೀಟಿಯಂತೆ ನೋಡಿಕೊಳ್ಳತಕ್ಕದ್ದು, ಹಾಗೆ ನೋಡಿಕೊಂಡ ಶಾಲೆಗೆ ನೋಟಿಸ್ ಇಲ್ಲ. ಬರುವ ಸೋಮವಾರದೊಳಗೆ. ಸಹಿ ಹಾಕುವಾಗ ನಿಮಗೂ ನಿಮ್ಮ ಮೇಲಿನವರು ನೆನಪಾಗಿ ಕೈ ನಡುಗಬಹುದು. ನಾಚಿಕೊಳ್ಳಬೇಡಿ. ವೈದ್ಯರು ಮಗಳಿಗೆ ಒಂದು ಉಪಾಯ ಕಲಿಸಿದ್ದಾರೆ: ನಾಲ್ಕು ಎಣಿಸುತ್ತ ಉಸಿರು ಎಳೆದುಕೊಂಡು, ಆರು ಎಣಿಸುತ್ತ ಮೆಲ್ಲಗೆ ಬಿಡಬೇಕಂತೆ. ಹಾಗೆ ಮಾಡಲು ಬಾರದಿದ್ದರೆ ನಮ್ಮ ಮನೆಗೆ ಬನ್ನಿ, ಕೀರ್ತನಾ ಹೇಳಿಕೊಡುತ್ತಾಳೆ. ನಿಮಗೆ ಭಯ ಇದೆ ಅಂತ ಯಾರಿಗೂ ಹೇಳುವವಳಲ್ಲ.

ಇಂತಿ,
ನಾಲ್ಕು ತಿಂಗಳು ಮಗಳನ್ನು ಬೈದು, ಈಗ ನಿಮ್ಮನ್ನು ಬೈಯಲು ಬಂದಿರುವ
ಪಾಲಾಕ್ಷಪ್ಪ, ಬಸ್ ಕಂಡಕ್ಟರ್