ಐವತ್ತರಲ್ಲಿ ಇಲ್ಲದವಳು

ದೊಡ್ಡನೆಕ್ಕುಂದಿ
೨೯ ಏಪ್ರಿಲ್ ೨೦೨೧, ಗುರುವಾರ

ನನ್ನ ಪಿಳ್ಳಮ್ಮನಿಗೆ,

ಉಸಿರು ಸರಾಗವಾಗಿ ಆಡುತ್ತಿದೆ, ಬೆಳಗಿನ ಕಾಫಿಯ ವಾಸನೆ ಮೂಗಿಗೆ ಗೊತ್ತಾಗುತ್ತಿದೆ. ಈ ಕಾಲದಲ್ಲಿ ಕ್ಷೇಮ ಅಂದರೆ ಇಷ್ಟೇ ತಾನೆ? ನೀನೂ, ನಿನ್ನ ಮನೆಯವರೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಕೊನೆಯ ತನಕ ಓದಿ ಆಮೇಲೆ ಬೈ. ಫೋನಾದರೂ ಮಾಡಬಾರದಿತ್ತೇ ಅನ್ನುತ್ತೀಯ. ನಿನಗೆ ಕಿವಿ ಮಂದ, ಸ್ಪೀಕರ್ ಹಾಕುತ್ತೀಯ. ಪಕ್ಕದಲ್ಲಿ ನಿನ್ನ ಸೊಸೆ ಸೊಪ್ಪು ಸೋಸುತ್ತಾ ಕೂತಿರುತ್ತಾಳೆ. ಸಂಜೆಯೊಳಗೆ ಅತ್ತಿಬೆಲೆಗೆಲ್ಲ ಡಂಗುರ ಆಗುತ್ತದೆ. ಇದು ಹಾಗೆ ಡಂಗುರ ಆಗಬಾರದ ವಿಷಯ. ಓದಿದ ಮೇಲೆ ನೀರೊಲೆಗೆ ಹಾಕು.

ಪಿಳ್ಳಿ, ನಾನು ಸಾಕಿದ ವೇಣಿಯ ಮದುವೆ ನೋಡಿದೆ ಕಣೇ! ಫೋನಿನಲ್ಲಿ ಅಲ್ಲ, ವಿಡಿಯೋದಲ್ಲಿ ಅಲ್ಲ, ಕಣ್ಣಾರೆ ನೋಡಿದೆ! ಮಾರು ದೂರದಲ್ಲಿ ನಿಂತು ಮೂರು ಗಂಟನ್ನೂ ನೋಡಿದೆ! ಅಕ್ಷರ ಸೊಟ್ಟಗಿದ್ದರೆ, ಮಕ್ಕಳಿಗೆ ಕಾಪಿ ತಿದ್ದಿಸುತ್ತಿದ್ದ ಮಿಸ್ಸಿನ ಅಕ್ಷರವಾ ಇದು ಅಂತ ನಗಬೇಡ.

ಮೊದಲಿನಿಂದ ಹೇಳುತ್ತೇನೆ. ಮದುವೆಗೆ ನಾಲ್ಕು ದಿನ ಇರುವಾಗ ತಂಗಿ ಶೋಭಾರಾಣಿ ಬಂದಳು. ಒಳಗೆ ಬರಲಿಲ್ಲ. ಗೇಟಿನ ಆಚೆ ಸ್ಕೂಟಿಯ ಮೇಲೆ ಕೂತುಕೊಂಡೇ ಮಾತು.

“ಅಕ್ಕ, ಮದ್ವೆಗೆ ಐವತ್ತೇ ಜನ ಅಂತ ಆರ್ಡರ್ ಆಗೈತೆ. ಪಾಸ್ ಇಲ್ದೆ ಚೌಟ್ರಿ ಒಳಿಕ್ಕೆ ಬಿಡಕಿಲ್ಲ. ಗಂಡಿನ್ ಕಡೆಯೋರೇ ಮೂವತ್ತು ಇಸ್ಕೊಂಡ್ಬಿಟ್ರು.”

“ಉಳಿದ ಇಪ್ಪತ್ತರಲ್ಲಿ ನಾನಿಲ್ವೇನೇ?” ಅಂದೆ.

ಅವಳು ಸ್ಕೂಟಿಯ ಕನ್ನಡಿ ಒರೆಸತೊಡಗಿದಳು. “ವಯಸ್ಸಾದೋರು ಬರ್ಬಾರ್ದು ಅಂತಾವ್ರೆ ಅಕ್ಕ.”

“ನಿನ್ನ ಗಂಡ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನೇನು ಮದುವೆ ದಿವಸ ಮನೆ ಕಾಯ್ತಾನಾ?”

ಆಗ ಬಾಯಿ ಬಿಟ್ಟಳು. “ಗಂಡಿನ್ ಕಡೆಯೋರು ಕೇಳಿದ್ರು. ಆ ಮನ್ಯಾಗೆ ಕೊರೋನಾದಲ್ಲಿ ಓಗವ್ರಂತೆ, ಇನ್ನೂ ವರ್ಷಾನೂ ತುಂಬಿಲ್ವಂತೆ ಅಂದ್ರು. ಅವ್ರು ಅಂಗಂದ್ಮೇಲೆ ನಾನೇನ್ ಮಾಡ್ಲಿ, ನೀನೇ ಏಳು. ಜೂಮ್‌ನಾಗೆ ನೋಡು, ಲಿಂಕ್ ಕಳುಸ್ತೀನಿ.”

ಜೂಮೂ ಬೇಡ ಗೀಮೂ ಬೇಡ, ಹೋಗು ಅಂದುಬಿಟ್ಟೆ. ಎಷ್ಟು ಸಿಟ್ಟು ಬಂತು ಗೊತ್ತಾ? ಹೋದ ಸೆಪ್ಟೆಂಬರಿನಲ್ಲಿ ನಮ್ಮೆಜಮಾನರು ತೀರಿಕೊಂಡ ಮೇಲೆ ಈ ಮನೆಯನ್ನು ನೆಲದಿಂದ ಸೂರಿನ ತನಕ ತೊಳೆಸಿದ್ದೇನೆ, ಸುಣ್ಣ ಹೊಡೆಸಿದ್ದೇನೆ. ಮೊನ್ನೆ ಮೊನ್ನೆ ಒಂದು ಸೂಜಿಯೂ ಹಾಕಿಸಿಕೊಂಡೆ. ಇನ್ನೇನು ಮಾಡಲಿ, ನನ್ನನ್ನೇ ಕುದಿಯುವ ನೀರಿಗೆ ಅದ್ದಿ ತೆಗೆಯಲಾ?

ನಿನಗೆ ಗೊತ್ತಿರುವುದೇ, ಆದರೂ ಹೇಳಿಕೊಳ್ಳದೆ ಇರಲಾರೆ. ಶೋಭಾ ಅವಳಿ ಗಂಡುಮಕ್ಕಳನ್ನು ಹೆತ್ತು ಹಾಸಿಗೆ ಹಿಡಿದಾಗ ಮೂರು ವರ್ಷದ ವೇಣಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. ವಾಪಸ್ಸು ಕರೆದುಕೊಂಡು ಹೋದದ್ದು ಹತ್ತನೇ ಕ್ಲಾಸು ಮುಗಿದ ಮೇಲೆ. ಅಷ್ಟು ವರ್ಷ ಅವಳ ಜಡೆ, ಜ್ವರ, ಮಗ್ಗಿ ಎಲ್ಲ ನನ್ನದೇ. “ದೊಡ್ಡಮ್ಮಾ” ಅಂತ ಅವಳು ಬೀದಿಯ ಆ ತುದಿಯಿಂದ ಕೂಗಿದರೆ ಇಡೀ ಊರಿಗೆ ಸ್ಕೂಲು ಬಿಟ್ಟಿತು ಅಂತ ಗೊತ್ತಾಗುತ್ತಿತ್ತು. ನನಗೆ ಬೇರೆ ಮಕ್ಕಳಿಲ್ಲ. ಮಂಟಪದಲ್ಲಿ ಮುಂದೆ ನಿಲ್ಲಿಸಿ ಅಂತ ನಾನು ಕೇಳಲಿಲ್ಲ, ಅರಿಶಿನ ಕುಂಕುಮ ಕೇಳಲಿಲ್ಲ. ಅವಳ ಕುತ್ತಿಗೆಗೆ ತಾಳಿ ಬೀಳುವುದನ್ನು ನೋಡಬೇಕು, ಅಷ್ಟೇ. ಅದೊಂದನ್ನು ನೋಡದೆ ಹೋದರೆ ನಾನು ಬದುಕಿದ್ದೂ ದಂಡ ಅನ್ನಿಸಿಬಿಟ್ಟಿತ್ತು.

ಅವತ್ತು ಸಂಜೆಯೇ ಬಂದ ನೋಡು ನಮ್ಮ ಮುನಿಕೃಷ್ಣ! ಜ್ಞಾಪಕ ಇದೆಯಾ, ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚು, ಮಧ್ಯಾಹ್ನದ ಊಟ ಆದ ತಕ್ಷಣ ಗೊರಕೆ? ಈಗ ಅವನು ದೊಡ್ಡ ಕ್ಯಾಟರಿಂಗ್ ಕಂಟ್ರಾಕ್ಟರ್. ದೊಡ್ಡ ಅಂದರೆ ಕೊರೋನಾಕ್ಕೆ ಮುಂಚೆ ದೊಡ್ಡ. ಹೋದ ವರ್ಷ ಪೂರ್ತಿ ಪಾತ್ರೆಗಳನ್ನೆಲ್ಲ ಬೋರಲು ಹಾಕಿ ಗಾಡಿಯಲ್ಲಿ ಟೊಮೇಟೊ ಮಾರಿದ. ಆಟೋದವರಿಗೆ ಪರಿಹಾರ ಬಂತು, ಕಟಿಂಗ್ ಶಾಪಿನವರಿಗೆ ಬಂತು, ಸೌಟು ಹಿಡಿದವನನ್ನು ಮಾತ್ರ ಯಾರೂ ಕೇಳಲಿಲ್ಲ ಅಂತ ಅವನ ಗೊಣಗಾಟ. ವೇಣಿಯ ಮದುವೆಯೇ ಅವನಿಗೆ ಈ ವರ್ಷದ ಮೊದಲನೇ ಆರ್ಡರ್. ನಮ್ಮನೆಯ ದೊಡ್ಡ ಕೊಪ್ಪರಿಗೆ ಕೇಳಲು ಬಂದಿದ್ದ.

“ಬಡ್ಸೋರೇ ಇಲ್ಲ ಮಿಸ್. ನಮ್ ಉಡುಗ್ರೆಲ್ಲಾ ಊರ್ ಸೇರ್ಕೊಂಡವ್ರೆ. ಯಾರ್‌ನ ಕರ್ದ್ರೂ ಭಯ ಅಂತಾರೆ” ಅಂದ.

“ಅಡುಗೆಯವರಿಗೂ ಆ ಐವತ್ತರಲ್ಲೇ ಪಾಸಾ?” ಅಂತ ಕೇಳಿದೆ.

“ಇಲ್ಲ ಮಿಸ್, ನಮ್ದು ಬೇರೆ. ಟೆಸ್ಟ್ ಮಾಡ್ಸಿರ್ಬೇಕು ಅಷ್ಟೇಯ.”

“ಹಾಗಾದರೆ ನಾನು ಬಡಿಸೋಕೆ ಬರ್ತೀನಿ.”

ನಕ್ಕ. ನನ್ನ ಮುಖ ನೋಡಿದ. ನಗು ನಿಲ್ಲಿಸಿದ. “ಬೇಡಿ ಮಿಸ್. ನಿಮ್ ತಂಗಿ ಯಜಮಾನ್ರು ಅನುಮಂತರಾಯಪ್ಪೋರಿಗೆ ಗೊತ್ತಾದ್ರೆ ನಂಗೆ ಈ ಏರಿಯಾದಾಗೆ ಇನ್ನೊಂದ್ ಆರ್ಡರ್ ಸಿಕ್ಕಲ್ಲ” ಅಂದ. ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಅದರ ಮೇಲೆ ಆ ಪ್ಲಾಸ್ಟಿಕ್ ಗಾಜು, ಕೈಗೆ ಗ್ಲೌಸು. ನಮ್ಮವ್ವನೇ ಎದ್ದು ಬಂದರೂ ಗುರುತು ಹಿಡಿಯಲ್ಲ ಕಣೋ ಅಂದೆ. ತಲೆ ಕೆರೆದುಕೊಂಡ. ಕೊಪ್ಪರಿಗೆ ಬೇಕಾದರೆ ನನ್ನನ್ನೂ ತಗೊಂಡು ಹೋಗು, ಇಲ್ಲವಾದರೆ ಎರಡೂ ಇಲ್ಲ ಅಂದೆ. ಒಪ್ಪಿಕೊಂಡ. ಮರುದಿನವೇ ಹೋಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ನೆಗೆಟಿವ್! ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಕುಣಿದಿರಲಿಲ್ಲ.

ಭಾನುವಾರ ಬೆಳಗ್ಗೆ ಮುನಿಕೃಷ್ಣನ ಟೆಂಪೋದ ಹಿಂದೆ, ಅನ್ನದ ಪಾತ್ರೆಗೂ ಬಾಳೆಎಲೆ ಕಟ್ಟಿಗೂ ನಡುವೆ ಕೂತು ವೈಟ್‌ಫೀಲ್ಡ್ ಕಡೆ ಹೊರಟೆ. ಎಂಥಾ ಖಾಲಿ ರಸ್ತೆ ಅಂತೀಯ! ಕಂಪನಿಗಳ ಮುಂದೆ ಒಂದು ಕ್ಯಾಬ್ ಇಲ್ಲ, ಮೆಟ್ರೋ ಕಂಬದ ಕೆಳಗೆ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ನನಗೆ ನಗು, ಭಯ, ಹಸಿವು ಎಲ್ಲ ಒಟ್ಟಿಗೆ. ಚೌಟ್ರಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಹಣೆಗೆ ಜ್ವರ ನೋಡುವ ಆ ಪಿಸ್ತೂಲು ಹಿಡಿದು “ಹೆಸ್ರೇನಕ್ಕ?” ಅಂದ. ಬಾಯಿಗೆ ಬಂದದ್ದು ನಮ್ಮ ಹೆಡ್‌ಮಿಸ್ ಹೆಸರು! “ರುದ್ರಮ್ಮ” ಅಂದುಬಿಟ್ಟೆ. ಜೀವಮಾನವೆಲ್ಲ ನಮಗೆ ಕಾಟ ಕೊಟ್ಟವರು ಅವತ್ತು ಒಂದು ಉಪಕಾರ ಮಾಡಿದರು.

ಒಳಗೆ ನಡೆದ ತಮಾಷೆ ಕೇಳು. ಶೋಭಾಳ ಗಂಡ ಹನುಮಂತರಾಯಪ್ಪ, ನನ್ನೆದುರು ಕುರ್ಚಿಯಲ್ಲಿ ಕೂರಲೂ ಹಿಂಜರಿಯುವ ಮನುಷ್ಯ, ರೇಷ್ಮೆ ಪಂಚೆ ಎತ್ತಿಕಟ್ಟಿಕೊಂಡು ಬಂದು “ಏಯ್ ಅಕ್ಕ, ಏನ್ ನಿದ್ದೆ ಮಾಡ್ತಿದೀಯಾ? ಆ ಸಾಲಿಗೆ ನೀರಿಟ್ಟಿಲ್ಲ ನೋಡು!” ಅಂತ ಗದರಿಸಿದ. ಓಡಿಹೋಗಿ ನೀರಿಟ್ಟೆ. ಮಾಸ್ಕಿನೊಳಗೆ ನಕ್ಕು ನಕ್ಕು ಉಸಿರು ಕಟ್ಟಿತು. ಮುನಿಕೃಷ್ಣನೂ ಕಮ್ಮಿಯವನಲ್ಲ. ಎಲ್ಲರ ಮುಂದೆ “ಬೇಗ ಬೇಗ ಕೈ ಆಡ್ಸಕ್ಕ” ಅಂತ ಕೂಗುವುದು, ಆಮೇಲೆ ಅಡುಗೆಮನೆಗೆ ಬಂದು “ತಪ್ಪಾಯ್ತು ಮಿಸ್” ಅಂತ ಕಿವಿ ಹಿಡಿದುಕೊಳ್ಳುವುದು.

ಸಿಟ್ಟು ಬಂದದ್ದು ಒಂದೇ ಸಲ. ತಿಂಡಿಯ ಪಂಕ್ತಿಯಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರು “ನಿಮ್ಮಕ್ಕ ಕಾಣ್ತಿಲ್ವಲ್ಲ ಶೋಭಾ?” ಅಂತ ಕೇಳಿದರು. ಇವಳು ರೆಪ್ಪೆ ಅಲ್ಲಾಡಿಸದೆ “ಅವಳೇ ಬರಲ್ಲ ಅಂದ್ಲು ಕಣ್ರೀ. ಈ ಕಾಯ್ಲೆ ಅಂದ್ರೆ ಬಲು ಭಯ ಅವ್ಳಿಗೆ” ಅಂದಳು. ನಾನು ಅವಳ ಬೆನ್ನ ಹಿಂದೆಯೇ ಸಾಂಬಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ತಲೆಯ ಮೇಲೆ ಸುರಿದುಬಿಡೋಣ ಅನ್ನಿಸಿತು, ದೇವರಾಣೆ. ಹೊಸ ಸೀರೆ ಅಂತ ಬಿಟ್ಟೆ. ಆ ಸೀರೆ ಅವಳಿಗೆ ಚೆನ್ನಾಗಿಯೂ ಒಪ್ಪಿತ್ತು, ಅದೇನು ಸುಳ್ಳು ಹೇಳಲಿ.

ಮುಹೂರ್ತ ಹತ್ತಿರ ಬಂದಾಗ ನನ್ನನ್ನು ಪಾಯಸಕ್ಕೆ ಗೋಡಂಬಿ ಹುರಿಯಲು ನಿಲ್ಲಿಸಿದ್ದರು. ಮುನಿಕೃಷ್ಣ ಬಾಗಿಲಲ್ಲಿ ತಲೆ ಹಾಕಿ “ಮಿಸ್, ಗಟ್ಟಿಮೇಳ! ಓಡಿ ಮಿಸ್, ಓಡಿ!” ಅಂದ. ಓಡಿದೆ ಕಣೇ! ಮಂಡಿನೋವು ಎಲ್ಲಿ ಹೋಯಿತೋ! ಕೈಯಲ್ಲಿ ಸೌಟು ಹಾಗೇ ಇತ್ತು. ಮಂಟಪದ ಪಕ್ಕದ ಕಂಬಕ್ಕೆ ಒರಗಿ ನಿಂತೆ. ಒಂದು ನಾದಸ್ವರ, ಒಂದು ಡೋಲು, ಅಷ್ಟಕ್ಕೇ ಇಡೀ ಚೌಟ್ರಿ ತುಂಬಿಹೋಯಿತು. ವೇಣಿ ತಲೆ ಬಗ್ಗಿಸಿ ಕೂತಿದ್ದಳು. ಮಾಸ್ಕು ತೆಗೆದಿದ್ದಳು. ಎಂಥಾ ಲಕ್ಷಣವಾಗಿದ್ದಳು ಪಿಳ್ಳಿ, ನನ್ನ ದೃಷ್ಟಿಯೇ ತಾಗೀತು! ಹುಡುಗ ಚಿರಂಜೀವಿ ಬೆವರುತ್ತಿದ್ದ, ಒಳ್ಳೆಯವನ ಹಾಗೆ ಕಾಣುತ್ತಾನೆ. ಅವನು ತಾಳಿ ಎತ್ತಿದ ಹೊತ್ತಿಗೆ ಸರಿಯಾಗಿ ನನಗೆ ಅಳು ಬಂತು, ಮುಖದ ಮೇಲಿನ ಗಾಜೆಲ್ಲ ಮಂಜು! ಒರೆಸಿದೆ. ಗ್ಲೌಸಿನ ತುಂಬಾ ತುಪ್ಪ, ಇನ್ನೂ ಕೆಟ್ಟಿತು. ಏನಾದರಾಗಲಿ ಅಂತ ಗಾಜನ್ನು ಹಣೆಯ ಮೇಲಕ್ಕೆ ತಳ್ಳಿದೆ. ನೋಡಿದೆ. ಒಂದು ಗಂಟು, ಎರಡು, ಮೂರು. ಪಕ್ಕದ ತಟ್ಟೆಯಿಂದ ಅಕ್ಷತೆ ಬಾಚಿ ಎಸೆದೆ. ಅರ್ಧ ಅಕ್ಕಿ ತುಪ್ಪದ ಕೈಗೇ ಅಂಟಿಕೊಂಡಿತು. ಉಳಿದರ್ಧ ಅವಳ ತಲೆಯ ಮೇಲೆ ಬಿತ್ತು, ನಾನೇ ನೋಡಿದೆ.

ಆಮೇಲೆ ಗಾಜು ಇಳಿಸಿ ಅಡುಗೆಮನೆಗೆ ಬಂದೆ. ಗೋಡಂಬಿ ಸೀದುಹೋಗಿತ್ತು. ಮುನಿಕೃಷ್ಣ ತಾನೇ ಬೇರೆ ಹುರಿದ. ಅಷ್ಟು ಜನ ನೆಂಟರಲ್ಲಿ ಒಬ್ಬರಾದರೂ ನನ್ನ ಗುರುತು ಹಿಡಿಯಲಿಲ್ಲ ಗೊತ್ತಾ? ಒಬ್ಬರೂ! ಒಡಹುಟ್ಟಿದವಳಿಗೆ ಮೂರು ಸಲ ಪೂರಿ ಬಡಿಸಿದ್ದೇನೆ. ನಾಟಕದವರು ನನ್ನನ್ನು ಕರೆದುಕೊಂಡು ಹೋಗಿದ್ದರೆ ಎಲ್ಲೋ ಇರುತ್ತಿದ್ದೆ. ವಾಪಸ್ಸು ಬಂದು ಬಿಸಿನೀರು ಹುಯ್ದುಕೊಂಡು ಮಲಗಿದವಳು ಮರುದಿನ ಕಾಫಿ ಹೊತ್ತು ಮೀರಿದ ಮೇಲೆ ಎದ್ದೆ. ಈ ವಯಸ್ಸಿಗೆ ಇಂಥಾ ಸಾಹಸ ಯಾರು ಮಾಡುತ್ತಾರೆ, ನೀನೇ ಹೇಳು!

ಈಗ ಎಲ್ಲ ಮತ್ತೆ ಬಂದ್. ಬೆಳಗ್ಗೆ ಹಾಲು ತರಕಾರಿಗೆ ಒಂದಿಷ್ಟು ಹೊತ್ತು ಬಿಡುತ್ತಾರೆ, ಆಮೇಲೆ ಬೀದಿಯೆಲ್ಲ ಆಂಬುಲೆನ್ಸಿನ ಸದ್ದು. ಅದು ಕೇಳಿದಾಗಲೆಲ್ಲ ನಮ್ಮೆಜಮಾನರ ನೆನಪಾಗುತ್ತದೆ. ನೀನು ಗಡಿಯ ಊರಿನಲ್ಲಿದ್ದೀಯ, ಲಾರಿಗಳು ಓಡಾಡುವ ಜಾಗ, ಅಂಗಡಿಗೆ ನೀನೇ ಹೋಗುವ ಚಪಲ ಬಿಡು. ಇನ್ನೂ ಸೂಜಿ ಹಾಕಿಸಿಕೊಂಡಿಲ್ಲ ಅಂತ ನೀನು ಬರೆದಿದ್ದೆ. ಮೊದಲು ಹೋಗಿ ಹಾಕಿಸಿಕೋ. ಒಂದು ದಿನ ತೋಳು ನೋಯುತ್ತದೆ, ಅಷ್ಟಕ್ಕೆ ಯಾರೂ ಸಾಯುವುದಿಲ್ಲ. ನಿನ್ನ ಮೊಮ್ಮಗಳು ಆನ್‌ಲೈನ್ ಕ್ಲಾಸಿನಲ್ಲಿ ನಿದ್ದೆ ಮಾಡಿದರೆ ಬೈಯಬೇಡ, ಮುಂದೆ ಮುನಿಕೃಷ್ಣನ ಹಾಗೆ ನಾಲ್ಕು ಜನಕ್ಕೆ ಊಟ ಹಾಕುವವಳಾಗುತ್ತಾಳೆ.

ನಿನ್ನ ಮನೆಯಲ್ಲಿ ಎಲ್ಲರ ಉಸಿರೂ ನೆಟ್ಟಗಿರಲಿ, ಒಲೆ ಆರದಿರಲಿ. ಸೊಸೆಗೆ ನನ್ನ ಆಶೀರ್ವಾದ ಹೇಳು, ಕಾಗದ ಮಾತ್ರ ತೋರಿಸಬೇಡ.

ನಿನ್ನವಳೇ ಆದ,
ಮುನಿಲಕ್ಷ್ಮಿ

ಮತ್ತೆ ಬರೆದದ್ದು: ಕವರಿಗೆ ಹಾಕಿಟ್ಟಿದ್ದೆ, ತಡೆಯಲಾಗಲಿಲ್ಲ, ಹೊರಗೆ ತೆಗೆದೆ. ಒಬ್ಬರೂ ಗುರುತು ಹಿಡಿಯಲಿಲ್ಲ ಅಂತ ಬರೆದೆನಲ್ಲ, ಅದು ನಿಜವಲ್ಲ. ವೇಣಿ ಹಿಡಿದಳು.

ಮದುಮಕ್ಕಳ ಊಟದ ಪಂಕ್ತಿಗೆ ನಾನೇ ಬಡಿಸುತ್ತೇನೆ ಅಂತ ಹಟ ಮಾಡಿ ಹೋಗಿದ್ದೆ. ಬದನೆಕಾಯಿ ಎಣ್ಣೆಗಾಯಿ. ಸಾಲಾಗಿ ಬಡಿಸುತ್ತಾ ಬಂದವಳು ಅವಳ ಎಲೆಯೊಂದನ್ನು ಬಿಟ್ಟು ಮುಂದೆ ಹೋದೆ. ಬೇಕಂತ ಬಿಟ್ಟದ್ದಲ್ಲ, ನನ್ನ ಕೈಗೆ ಅದೇ ಅಭ್ಯಾಸ. ಬದನೆಕಾಯಿ ತಿಂದರೆ ಅವಳಿಗೆ ಚಿಕ್ಕಂದಿನಿಂದಲೂ ನಾಲಿಗೆ ತುರಿಸಿ ತುಟಿ ಊದುತ್ತದೆ. ಅದು ಗೊತ್ತಿರುವುದು ನನಗೆ, ಅವಳಿಗೆ. ಅವಳು ತಟ್ಟನೆ ತಲೆ ಎತ್ತಿದಳು. ಗಾಜಿನೊಳಗೆ ನನ್ನ ಕಣ್ಣನ್ನೇ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು. “ದೊಡ್ಡ” ಅನ್ನುವಷ್ಟು ಬಾಯಿ ತೆರೆಯಿತು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಅತ್ತೆ “ಯಾಕಮ್ಮ, ಉಡುಗಿ ಎಲೆಗೆ ಆಕ್ಲೇ ಇಲ್ವಲ್ಲ?” ಅಂದರು.

ವೇಣಿ ಅತ್ತೆಯ ಮುಖ ನೋಡಿದಳು. ತಲೆ ಬಗ್ಗಿಸಿದಳು. “ಹಾಕಿ ಅಕ್ಕ” ಅಂದಳು.

ಹಾಕಿದೆ. ತಿಂದಳು. ಪೂರ್ತಿ ತಿಂದಳು. ನಾನು ಮುಂದಿನ ಎಲೆಗೆ ಹೋದೆ.

ನಿನ್ನನ್ನು ಕಾಪಾಡೋಕೆ ಹಾಗಂದಳು ಕಣೇ ಅಂತ ನೀನು ಬರೆಯುತ್ತೀಯ. ಬರೆ. ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಮದುವೆಯಾದ ಮೇಲೆ ದಿನಾ ಶೋಭಾಗೆ ಫೋನ್ ಮಾಡುತ್ತಾಳಂತೆ, ನನಗೆ ಒಂದು ಸಲವೂ ಮಾಡಿಲ್ಲ. ಅವಳಿಗೂ ನಾನು ಗುರುತು ಸಿಗದೆ ಹೋಗಿದ್ದರೆ ಇವತ್ತು ಎಷ್ಟು ಸುಖವಾಗಿರುತ್ತಿದ್ದೆ ಪಿಳ್ಳಿ.