ನಾಚಿಕೆಯ ತುಂಡು

ಕಾದಿಸ್, ಲಾ ವಿನ್ಯಾ ಕೇರಿ
ಮೇ ೮, ಸೋಮವಾರ ಬೆಳಿಗ್ಗೆ

ನನ್ನ ಮುದ್ದು ಮೊಮ್ಮಗಳು ಒಲಿವಾಳಿಗೆ,

ಹೇಗಿದ್ದೀಯೆ ಮಗಳೇ? ಆ ಪೋಲೆಂಡಿನಲ್ಲಿ ಕುತ್ತಿಗೆಗೆ ಬೆಚ್ಚಗೆ ಏನಾದರೂ ಸುತ್ತಿಕೊಳ್ಳುತ್ತೀಯೋ, ಇಲ್ಲಾ ಹಾಗೇ ತಿರುಗುತ್ತೀಯೋ? ಮೇ ತಿಂಗಳಲ್ಲಿ ಎಂಥ ಚಳಿ ಅಜ್ಜಿ ಅಂತ ನಗಬೇಡ, ನೀನು ಕಳಿಸಿದ ಫೋಟೋದಲ್ಲಿ ನಿನ್ನ ಮೂಗಿನ ತುದಿ ಮೂಲಂಗಿಯ ಹಾಗೆ ಕೆಂಪಗಿತ್ತು. ಹಡಗಿನ ಕಬ್ಬಿಣ ಬೆಸೆಯುವಾಗ ಮುಖದ ಮುಚ್ಚಳ ತೆಗೆಯಬೇಡ, ಆ ಹೊಗೆ ಎದೆಗೆ ಇಳಿದರೆ ಯಾವ ಕಷಾಯಕ್ಕೂ ಬಗ್ಗುವುದಿಲ್ಲ. ನನ್ನದು ಕೇಳಿದರೆ, ಚೆನ್ನಾಗಿದ್ದೇನೆ. ಅಂದರೆ ನನ್ನನ್ನು ಇನ್ನೂ ಹೂತಿಲ್ಲ. ಮಂಡಿ ನನ್ನ ಮಾತು ಕೇಳುವುದನ್ನು ಯಾವತ್ತೋ ಬಿಟ್ಟಿದೆ. ಒಂದು ವಾರದಿಂದ ಪೂರ್ವದ ಗಾಳಿ ಎದ್ದು ಕಿಟಕಿ ಬಾಗಿಲು ಬಡಿದು ಬಡಿದು ಇಡೀ ಕೇರಿಯ ತಲೆ ಕೆಡಿಸಿದೆ. ಎದುರು ಮನೆಯವಳ ಒಳಲಂಗ ಹಾರಿ ಬಂದು ಸಂತ ಅಂತೋನಿಯ ಗೂಡಿನ ಮೇಲೆ ಕೂತಿತ್ತು, ಕೇಳಿದರೆ ನನ್ನದಲ್ಲ ಅಂತಾಳೆ. ಇಂಥ ಗಾಳಿ ಹೊತ್ತಿನಲ್ಲೇ ನೀನು ಆ ಹುಡುಗನನ್ನು ನನ್ನ ತಲೆಗೆ ಕಟ್ಟಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಸಹಿಸಿಕೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಪ್ಪ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಾನೆ, ಕಿವಿ ಮಾತ್ರ ಕತ್ತೆಯಷ್ಟು ಉದ್ದ ಮಾಡಿಕೊಂಡು.

ನೀನು ಏನು ಹೇಳಿ ಕಳಿಸಿದೆ? “ಅಜ್ಜಿ, ನನಗೆ ರಜೆ ಸಿಗಲ್ಲ, ತಾದೆಯುಷ್ ಒಬ್ಬನೇ ಬರ್ತಾನೆ, ಅಪ್ಪನ ಮನಸ್ಸು ಕರಗೋ ಹಾಗೆ ಏನಾದ್ರೂ ಮಾಡು, ಚರ್ಚಿನೊಳಗೆ ಅಪ್ಪನೇ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕು, ಇಲ್ಲಾಂದ್ರೆ ನನಗೆ ಮದುವೆ ಮದುವೆ ಅನ್ಸಲ್ಲ” ಅಂದೆ. ಹಾಗಂದು ಅತ್ತುಬಿಟ್ಟೆ. ಹೇಳುವುದು ಸುಲಭ. ಮದುವೆ ಪೋಲೆಂಡಿನಲ್ಲಿ ಅಂತ ನೀನು ಹೇಳಿದ ದಿನದಿಂದ ನಿನ್ನಪ್ಪ ಸೆರ್ವಾಂದೊ ನಿನ್ನ ಹೆಸರೆತ್ತಿಲ್ಲ. “ಹೆಣ್ಣು ಹುಟ್ಟಿದ ಕೇರಿಯಿಂದ ಹೊರಡ್ಬೇಕು, ಅದು ಬಿಟ್ಟು ಗಂಡಿನ ಊರಿಗೆ ನಾನು ಮೆರವಣಿಗೆ ಹೋಗ್ಬೇಕಾ?” ಅಂತ ಒಂದೇ ಮಾತು. ನಿನ್ನ ಕೋಣೆ ಖಾಲಿ ಬಿದ್ದಿದ್ದರೂ “ಮನೇಲಿ ಜಾಗ ಇಲ್ಲ” ಅಂದುಬಿಟ್ಟ. ಕೊನೆಗೆ ಹೆನಾರೊನ ವೈನಂಗಡಿಯ ಮೇಲಿನ ಕೋಣೆಯಲ್ಲಿ ನಿನ್ನ ಹುಡುಗನನ್ನು ಇಳಿಸಿದೆ. ಆ ಕೋಣೆ ಪೀಪಾಯಿಯ ಒಳಗಿನ ವಾಸನೆ ಹೊಡೆಯುತ್ತದೆ. ಅವನೋ, “ತುಂಬಾ ಸೊಗಸಾದ ಪರಿಮಳ, ಅಜ್ಜಿ” ಅಂದ. ಅವನಿಗೆ ನಮ್ಮ ಭಾಷೆ ಯಾರು ಕಲಿಸಿದ್ದೇ? ಪಾದ್ರಿ ಪ್ರವಚನ ಮಾಡಿದ ಹಾಗೆ ಮಾತಾಡುತ್ತಾನೆ. ಹೆಸರಂತೂ ನನ್ನ ಬಾಯಲ್ಲಿ ತಿರುಗಲಿಲ್ಲ, ತಾದೆಯೊ ಅಂತ ಕರೆದೆ, ಓಗೊಟ್ಟ. ಅಷ್ಟು ಬುದ್ಧಿ ಇದೆ.

ಅವನನ್ನು ನೇರವಾಗಿ ನಿನ್ನಪ್ಪನ ಮುಂದೆ ನಿಲ್ಲಿಸುವುದು ಕಾದ ಎಣ್ಣೆಗೆ ನೀರು ಹಾಕಿದ ಹಾಗೆ. ನಮ್ಮ ಕೇರಿಯಲ್ಲಿ ಒಬ್ಬ ಮನುಷ್ಯ ಎಂಥವನೆಂದು ಗೊತ್ತಾಗುವುದು ಅವನು ವೈನಂಗಡಿಯಲ್ಲಿ ಹೇಗೆ ನಿಲ್ಲುತ್ತಾನೆ ಅನ್ನುವುದರಿಂದ. ಮೊದಲು ನಾಲ್ಕು ಜನ ನೋಡಲಿ, “ಹುಡುಗ ಒಳ್ಳೇವನಪ್ಪಾ” ಅನ್ನಲಿ, ಆ ಮಾತು ನಮಗಿಂತ ಮುಂಚೆ ನಮ್ಮ ಮನೆ ಕೆಳಗಿನ ಸೆರ್ವಾಂದೊನ ಊಟದಂಗಡಿಯ ಅಡುಗೆಮನೆ ಸೇರಲಿ, ಆಮೇಲೆ ನಾವು ಹೋಗೋಣ ಅಂತ ನನ್ನ ಲೆಕ್ಕ. ಶುಕ್ರವಾರ ಮಧ್ಯಾಹ್ನ ಒಳ್ಳೆ ಶಾಲು ಹೊದ್ದು, ಅವನ ತೋಳು ಹಿಡಿದು ಹೊರಟೆ. ಈ ಲೆಕ್ಕ ಹಾಕಿದ ತಲೆಗೆ ನಾನೇ ಎರಡು ಬಿಡಬೇಕು.

ಮೊದಲು ಹೆನಾರೊನ ಅಂಗಡಿ. ಪೀಪಾಯಿಯ ಸುತ್ತ ನಿಂತೆವು. ಹೆನಾರೊ ಒಣ ಬಿಳಿ ವೈನು ಬಗ್ಗಿಸಿ, ಎಣ್ಣೆಕಾಗದದ ಮೇಲೆ ಹಂದಿಮಾಂಸದ ತೆಳು ಹೋಳುಗಳನ್ನು ಹರಡಿ, ಉಪ್ಪು ಉದುರಿಸಿ ನಿಂಬೆ ಹಿಂಡಿದ. ಮೀನುಗಾರ ಕುರ್ರೊ, ಬೀಗ ರಿಪೇರಿಯವನು, ಎಲ್ಲರೂ ಸೇರಿಕೊಂಡರು. ತಾದೆಯೊ ನಗುನಗುತ್ತ ತಿಂದ, ಸಣ್ಣ ಗುಟುಕಿನಲ್ಲಿ ಕುಡಿದ. ಪರವಾಗಿಲ್ಲವೇ, ಅಂದುಕೊಳ್ಳುತ್ತಿದ್ದೆ. ಕಾಗದದ ಮೇಲೆ ಒಂದೇ ಒಂದು ಹೋಳು ಉಳಿಯಿತು. ಉಳಿಯಬೇಕಾದದ್ದೇ, ಅದು ನಾಚಿಕೆಯ ತುಂಡು. ಎಲ್ಲರ ಕಣ್ಣೂ ಅದರ ಮೇಲೆ, ಯಾರ ಕೈಯೂ ಅದರ ಮೇಲಿಲ್ಲ. ಅದು ಅಲ್ಲೇ ಒಣಗಿ ಹಪ್ಪಳವಾದರೂ ಮಾನವಂತರು ಮುಟ್ಟುವುದಿಲ್ಲ. ನಿನ್ನ ಹುಡುಗ ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ! ಹಾಕಿಕೊಂಡು “ಎಲ್ಲರಿಗೂ ಧನ್ಯವಾದಗಳು” ಅಂತ ಎದೆ ಮುಟ್ಟಿ ತಲೆ ಬಾಗಿಸಿದ. ಕುರ್ರೊ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ನಿಂತ. ಹೆನಾರೊ ನನ್ನ ಕಿವಿಯಲ್ಲಿ, “ಎಂಕಾರ್ನಾ, ಇವನ್ನ ಎಲ್ಲಿಂದ ಬಿಚ್ಕೊಂಡು ಬಂದೆ? ಅವರ ಕಡೆ ಊಟ ಹಾಕಲ್ವಾ?” ಅಂದ. ನಾನು, “ದೊಡ್ಡ ಕ್ರೇನು ನಡೆಸ್ತಾನೆ ಕಣೋ, ಕಂಡಿದ್ದೆಲ್ಲ ಎತ್ತೋದು ಅಭ್ಯಾಸ” ಅಂದೆ. ಏನಾದರೂ ಹೇಳಬೇಕಲ್ಲ.

ಮೀನು ಮಾರುಕಟ್ಟೆಯ ಹಿಂದಿನ ಅಂಗಡಿಗೆ ಬಂದರೆ ಅಲ್ಲೂ ಅದೇ ಕತೆ. ವಿನೆಗರು ಜೀರಿಗೆಯಲ್ಲಿ ನೆನೆಹಾಕಿ ಕರಿದ ಮೀನು, ಎಣ್ಣೆಯಲ್ಲಿ ಈಜಾಡುವ ಆಲೂಗಡ್ಡೆ, ಈರುಳ್ಳಿಯಲ್ಲಿ ಬೇಯಿಸಿದ ಹೊಸ ಸುಗ್ಗಿಯ ಟ್ಯೂನಾ. ನಿನ್ನ ಬಾಯಲ್ಲಿ ನೀರೂರಲಿ, ನನ್ನನ್ನು ಇಲ್ಲಿ ಬಿಟ್ಟು ಹೋದದ್ದಕ್ಕೆ ಅದೇ ಶಿಕ್ಷೆ. ಮೂರು ತಟ್ಟೆಯಲ್ಲಿ ಮೂರು ನಾಚಿಕೆಯ ತುಂಡು, ಮೂರನ್ನೂ ಸಾಲಾಗಿ ಮುಗಿಸಿದ. ನಮ್ಮ ಕೇರಿಯ ಚಾರಿ ಅಲ್ಲಿದ್ದಳಲ್ಲ, ಅವಳ ಬಾಯಿ ನಿನಗೆ ಗೊತ್ತು. “ಅಕ್ಕಾ, ಮೊಮ್ಮಗಳಿಗೆ ಗಂಡು ಹುಡುಕಿದ್ರಾ, ತಟ್ಟೆ ತೊಳೆಯೋ ಮಿಷನ್ನಾ?” ಅಂತ ಇಡೀ ಅಂಗಡಿ ಕೇಳುವ ಹಾಗೆ ಕೂಗಿದಳು. ನಾನು ಅವನನ್ನು ಮೂಲೆಗೆ ಎಳೆದೆ. “ಲೋ, ಕೊನೇ ತುಂಡಿಗೆ ಕೈ ಹಾಕ್ತೀಯಲ್ಲ, ನಿನಗೆ ನಾಚಿಕೆ ಆಗಲ್ವಾ?” ಅಂದೆ. ಅವನ ಮುಖ ನೋಡಬೇಕಿತ್ತು. “ಅಜ್ಜಿ, ಅದು ನನಗಾಗಿ ಬಿಟ್ಟದ್ದಲ್ಲವೇ? ಪ್ರತಿಯೊಂದು ಕಡೆಯಲ್ಲೂ ಎಲ್ಲರೂ ಅತಿಥಿಗೆ ಅಂತ ಒಂದು ತುಂಡು ಉಳಿಸುತ್ತಾರೆ, ಎಂಥ ದೊಡ್ಡ ಮನಸ್ಸಿನ ಜನ ಎಂದುಕೊಂಡೆ. ನನ್ನ ಹೊಟ್ಟೆ ಆಗಲೇ ತುಂಬಿತ್ತು. ಆದರೂ ತಿಂದೆ” ಅಂದ. ನಾನು ಗೋಡೆಗೆ ಒರಗಿಕೊಂಡೆ ಮಗಳೇ. ಅವನ ಅಜ್ಜಿ ಯುದ್ಧದ ಕಾಲದವಳಂತೆ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಡುಗೆ ಮಾಡಿದವರ ಮುಖಕ್ಕೆ ಹೊಡೆದ ಹಾಗೆ ಅಂತ ಕಲಿಸಿದ್ದಾಳಂತೆ.

ನನಗೆ ಯಾರೂ ಕಲಿಸಲಿಲ್ಲವೇ? ನಮ್ಮ ಹಳ್ಳಿಯ ಹಸಿವಿನ ವರ್ಷಗಳಲ್ಲಿ, ಯಾರ ಮನೆಗಾದರೂ ಹೋದರೆ ನನ್ನವ್ವ ಮೇಜಿನ ಕೆಳಗೆ ನನ್ನ ತೊಡೆ ಚಿವುಟುತ್ತಿದ್ದಳು: ಒಂದು ತುಂಡು ಬಿಡು, ಹಸಿದವರ ಮಕ್ಕಳು ಅಂತ ಅನ್ನಿಸಿಕೊಳ್ಳಬೇಡ. ಮನೆಗೆ ಬಂದು ನೀರು ಕುಡಿದು ಮಲಗುತ್ತಿದ್ದೆವು. ಇದನ್ನು ಅವನಿಗೂ ಹೇಳಿದೆ. ಅವನು ಗಾಳಿಗೆ ಜಾರಿದ ನನ್ನ ಶಾಲನ್ನು ಸರಿಮಾಡಿ ಹೊದಿಸಿದ, ಅಷ್ಟೇ. ನನಗೆ ಕರಗುವ ಪುರುಸೊತ್ತಿರಲಿಲ್ಲ. “ಎಲ್ಲಾ ಸರಿ, ನನ್ನ ಮಗನ ಅಂಗಡೀಲಿ ಮಾತ್ರ ಕೈ ಮೇಲೇಳಕೂಡದು. ಅವನು ಇಂಥದಕ್ಕೇ ಕಾಯ್ತಿರ್ತಾನೆ” ಅಂದೆ. “ಮಾತು ಕೊಡುತ್ತೇನೆ” ಅಂದ.

ನಿನ್ನಪ್ಪನ ಅಂಗಡಿಗೆ ನಾವು ಕಾಲಿಡುವ ಮೊದಲೇ ಚಾರಿ ಅಡ್ಡದಾರಿಯಲ್ಲಿ ಓಡಿಬಂದು ಬಾಗಿಲ ಪಕ್ಕದ ಮೇಜು ಹಿಡಿದಿದ್ದಳು, ಜೊತೆಗೆ ಕುರ್ರೊ. ತಮಾಷೆ ನೋಡಬೇಕಲ್ಲ. ನಾವೂ ಅಲ್ಲೇ ಕೂತೆವು. ಸೆರ್ವಾಂದೊ ಒಳಗೆ ಒಲೆಯ ಮುಂದಿದ್ದ. ಅಡುಗೆಮನೆಗೆ ಕಿಂಡಿ ಬಿಟ್ಟರೆ ಬೇರೆ ಕಣ್ಣಿಲ್ಲ, ಯಾರು ಬಂದರು ಯಾರು ಹೋದರು ಅವನಿಗೆ ಕಾಣುವುದಿಲ್ಲ, ಹೋಗಿ ಬರುವ ತಟ್ಟೆಗಳು ಮಾತ್ರ ಕಾಣುತ್ತವೆ. ನಿನ್ನಮ್ಮ ಪುರಾ ಸೀಗಡಿಯ ತೆಳು ವಡೆಗಳ ತಟ್ಟೆ ತಂದಿಟ್ಟಳು. ತಾದೆಯೊನನ್ನು ನೋಡಿ ಅವಳ ಕಣ್ಣು ತುಂಬಿತು, ಆದರೆ ಗಂಡನಿಗೆ ಹೆದರಿ ಮೂಗು ಮಾತ್ರ ಒರೆಸಿಕೊಂಡಳು. ವಡೆ ಜರಡಿಯ ಹಾಗೆ ತೂತು ತೂತಾಗಿ, ಅಂಚು ಗಾಜಿನಂತೆ ಗರಿಗರಿಯಾಗಿ, ಸೆರ್ವಾಂದೊ ಕರಿದರೆ ಹಾಗೇ. ನನ್ನ ಮಗ ಅಂತ ಹೇಳುವುದಲ್ಲ, ಕೋಪಿಷ್ಠನ ಕೈಯಲ್ಲಿ ಎಣ್ಣೆ ಮಾತು ಕೇಳುತ್ತದೆ.

ವಡೆಗಳು ಖಾಲಿಯಾದವು, ಒಂದು ಉಳಿಯಿತು. ಚಾರಿ ಅದನ್ನೇ ನೋಡಿದಳು. ಕುರ್ರೊ ಸೂರು ನೋಡಿದ. ತಾದೆಯೊ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ, ಶಾಲೆಯ ಮಗುವಿನ ಹಾಗೆ. ಹಣೆಯ ಮೇಲೆ ಬೆವರು. ಸದ್ಯ, ಗೆದ್ದೆ ಅಂದುಕೊಂಡೆ. ಪುರಾ ಬಂದು ತಟ್ಟೆ ಎತ್ತಿಕೊಂಡಳು, ತಿರುಗಿದಳು, ಎರಡು ಹೆಜ್ಜೆ ಇಟ್ಟಳು. ನಿನ್ನ ಮಹಾರಾಯ ಕುರ್ಚಿ ಉರುಳಿಸಿಕೊಂಡು ಎದ್ದ, ಅವಳ ಕೈಯಲ್ಲಿದ್ದ ತಟ್ಟೆಯಿಂದಲೇ ವಡೆ ಕಿತ್ತುಕೊಂಡು ನಿಂತ ನಿಲುವಿನಲ್ಲೇ ತಿಂದ! ತಿಂದು ನನ್ನ ಕಡೆ ತಿರುಗಿ, “ಕ್ಷಮಿಸಿ ಅಜ್ಜಿ, ಅದು ಒಳಗೆ ಹೋಗುತ್ತಿತ್ತು” ಅಂದ. ನಾನು ಎಲ್ಲ ಸಂತರನ್ನೂ ಹೆಸರು ಹಿಡಿದು ಬೈದೆ, ಮನಸ್ಸಿನಲ್ಲೇ.

ಒಳಗಿನಿಂದ ನಿನ್ನಪ್ಪನ ದನಿ ಬಂತು: “ಪುರಾ! ಈ ತಟ್ಟೆ ಯಾವ ಮೇಜಿಂದು? ಕೆಳಗೆ ಬೀಳಿಸಿದ್ಯಾ?” ಪುರಾ, “ಇಲ್ಲಾರೀ, ತಿಂದ್ರು” ಅಂದಳು. “ಎಲ್ಲಾನೂ?” “ಎಲ್ಲಾನೂ.” ಸೆರ್ವಾಂದೊ ಕಡಲೆಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದ, ತಟ್ಟೆ ಹಿಡಿದುಕೊಂಡು. ಯಾರು ಅಂತ ಕೇಳಬೇಕಾಗಿರಲಿಲ್ಲ, ನಿಂತಿದ್ದವನು ಒಬ್ಬನೇ, ಬಾಯಿಯ ಪಕ್ಕ ಸೀಗಡಿಯ ಮೀಸೆ ಅಂಟಿಸಿಕೊಂಡು. ನಿನ್ನಪ್ಪ ಅವನನ್ನು ನೋಡಿದ, ಎತ್ತರ ನೋಡಿದ, ಹಳದಿ ಕೂದಲು ನೋಡಿದ, ಗೊತ್ತಾಯಿತು. ಆದರೆ ಅವನು ಬೈದದ್ದು ಚಾರಿಯನ್ನು, ಕುರ್ರೊನನ್ನು! “ನೋಡ್ರೋ, ಬೇರೆ ದೇಶದಿಂದ ಬರ್ಬೇಕಾಯ್ತು ಒಬ್ಬ! ಅಂಗಡಿ ಹಾಕ್ದಾಗಿಂದ ಒಂದೊಂದು ತಟ್ಟೇಲೂ ಒಂದೊಂದು ವಾಪಸ್ ಬರತ್ತೆ. ನಾನು ಒಳಗೆ ನಿಂತ್ಕೊಂಡು ಉಪ್ಪು ಜಾಸ್ತಿ ಆಯ್ತಾ, ಸೀದೋಯ್ತಾ ಅಂತ ಕಚ್ಚಿ ನೋಡಿ ನೋಡಿ ಈ ಹೊಟ್ಟೆ ಬೆಳೆಸ್ಕೊಂಡಿದೀನಿ! ನಿಮ್ಮ ಮಾನ ಮರ್ಯಾದೆ ತಿನ್ನೋದು ನಾನಾ?” ಕುರ್ರೊ, “ಲೇ ಸೆರ್ವಾಂದೊ, ನೀನೂ ಬೇರೆಯವರ ಅಂಗಡೀಲಿ ಬಿಡ್ತೀಯಲ್ಲೋ” ಅಂದ. “ಅದು ಬೇರೆ!” ಅಂತ ಗುಡುಗಿ ಒಳಗೆ ಹೋದವನು, ಇನ್ನೊಂದು ತಟ್ಟೆ ತಾನೇ ತಂದು ತಾದೆಯೊನ ಮುಂದೆ ಕುಕ್ಕಿದ. ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು, ಅವನು ಮುಗಿಸುವವರೆಗೂ ಅಲ್ಲೇ ನಿಂತ. ಹುಡುಗನ ಹೊಟ್ಟೆ ಬಿರಿಯುವಂತಿತ್ತು, ಆದರೂ ಮುಗಿಸಿದ. ಆಗ ನನ್ನ ಮನಸ್ಸಿನಲ್ಲಿ ಅವನಿಗೆ ಒಂದು ಜಾಗ ಆಯಿತು, ಹೇಳಿಬಿಡುತ್ತೇನೆ.

ಆದರೆ ಮದುವೆಯ ಮಾತು? ಅದೇ ನನ್ನ ಪಿತ್ತ ಕೆರಳಿಸಿರುವುದು. ಶನಿವಾರ ಬೆಳಿಗ್ಗೆ ನಿನ್ನಪ್ಪ ತಾನಾಗಿ ಹೋಗಿ ಅವನನ್ನು ಎಬ್ಬಿಸಿ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದ. ಇಬ್ಬರೂ ಒಂದು ಬುಟ್ಟಿಯ ಎರಡು ಕಿವಿ ಹಿಡಿದು ವಾಪಸ್ಸು ಬಂದರು. ಏನು ಮಾತಾಡಿದಿರೋ ಅಂದರೆ ಸೆರ್ವಾಂದೊ, “ಸೀಗಡಿ ಬಗ್ಗೆ” ಅಂದ. ತಾದೆಯೊನನ್ನು ಕೇಳಿದರೆ, “ಸೀಗಡಿಯ ಬಗ್ಗೆ, ಅಜ್ಜಿ” ಅಂದ. “ಮದುವೆಗೆ ಬನ್ನಿ ಅಂತ ಕರೆದ್ಯೇನೋ?” ಅಂದರೆ “ಅವರು ಕೇಳಲಿಲ್ಲ, ನಾನು ಹೇಗೆ ಹೇಳಲಿ” ಅಂತಾನೆ. ನಿನ್ನೆ ಭಾನುವಾರ ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿಸಿ ಅವನನ್ನು ಅಲ್ಲೇ ಮಲಗಿಸಿದ, ಆದರೆ ನಿನ್ನ ಹೆಸರು ಮಾತ್ರ ಎತ್ತಲಿಲ್ಲ. ಊಟದ ಹೊತ್ತಿಗೆ ನಾನೇ ಬಾಯಿಬಿಟ್ಟು, “ಜೂನಿನ ಮದುವೆ ಹತ್ತಿರ ಬಂತು ಕಣೋ, ಮಗಳು ಕಾಯ್ತಿದಾಳೆ” ಅಂದೆ. “ಅಮ್ಮಾ, ಸಾರು ಆರ್ತಿದೆ, ಕುಡಿ” ಅಂದ. ಎರಡು ಹೇಸರಗತ್ತೆಗಳ ನಡುವೆ ನನ್ನನ್ನು ಕಟ್ಟಿ ನೀನು ಅಲ್ಲಿ ಹಡಗು ಬೆಸೆಯುತ್ತ ಕೂತಿದ್ದೀಯ. ನಿನ್ನಪ್ಪ ಮದುವೆಗೆ ಬರುತ್ತಾನೆ ಅಂತ ನಾನು ಸುಳ್ಳು ಬರೆಯಲಾರೆ, ಬರುವುದಿಲ್ಲ ಅಂತ ಬರೆಯಲು ಕೈ ಬರುವುದಿಲ್ಲ. ನಿನ್ನ ಹುಡುಗ ಇವತ್ತು ಹೊರಡುತ್ತಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ನನ್ನ ಅಕ್ಷರ ಅವನಿಂದ ಓದಲಾಗುವುದಿಲ್ಲ ಅನ್ನುವ ಧೈರ್ಯ.

ನಿನಗೆ ಹೆಸರು ಕೊಟ್ಟ ನಮ್ಮ ಹಳ್ಳಿಯ ಒಲಿವಾ ಮಾತೆ ನಿನ್ನ ಬೆನ್ನಿಗಿರಲಿ, ಕಬ್ಬಿಣದ ಕಿಡಿ ನಿನ್ನ ಕಣ್ಣಿಗೆ ಹಾರದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಹೆನಾರೊ ನೆನಪು ಹೇಳಿದ್ದಾನೆ, ಚಾರಿಯೂ ಹೇಳಿದ್ದಾಳೆ, ಅವಳದನ್ನು ತೆಗೆದುಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಮೇಲೆ ಕೋಪವಿದ್ದರೂ ನಿನ್ನವಳೇ ಆದ
ಅಜ್ಜಿ ಎಂಕಾರ್ನಾ

ಮರೆತ ಮಾತು: ಟ್ಯಾಕ್ಸಿ ಬಂದಿದೆ, ತಾದೆಯೊ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ಲಕೋಟೆಗೆ ಅಂಟು ಹುಡುಕಲು ಕೆಳಗಿಳಿದರೆ, ಅಂಗಡಿ ಇನ್ನೂ ತೆರೆದಿಲ್ಲ, ಒಳಗೆ ನಿನ್ನಪ್ಪ ತನ್ನ ಮದುವೆಯ ಕೋಟು ಹಾಕಿಕೊಂಡಿದ್ದಾನೆ. ಗುಂಡಿ ಹೊಟ್ಟೆಯ ಹತ್ತಿರಕ್ಕೂ ಬರುತ್ತಿಲ್ಲ. ಪುರಾಳ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು ಬಾಗಿಲಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ ನಡೆಯುತ್ತಿದ್ದಾನೆ, ಅವಳು “ನಿಧಾನ ರೀ, ನಿಧಾನ, ಮೀನು ಏಲಂಗೆ ಹೋಗ್ತಿಲ್ಲ ನೀವು” ಅನ್ನುತ್ತಿದ್ದಾಳೆ. ನನ್ನನ್ನು ನೋಡಿ ಕೆಂಪಗಾಗಿ, “ಅಮ್ಮಾ, ಅವಳಿಗೆ ಹೇಳ್ಬೇಡ” ಅಂದ. ಅದಕ್ಕೇ ಹೇಳುತ್ತಿದ್ದೇನೆ. ಮದುವೆಗೆ ಹಿಮ್ಮಡಿ ತಗ್ಗಿರುವ ಚಪ್ಪಲಿ ಕೊಂಡುಕೋ, ಅವನ ನಡಿಗೆ ಬಹಳ ಜೋರು.