ಜ್ವರ ಬಿಟ್ಟ ಮೇಲೆ

ಬೈಕುಲ್ಲಾ, ಮುಂಬಯಿ
೨೧ ಜೂನ್ ೧೯೫೭

ಪ್ರೀತಿಯ ಶೀಲಕ್ಕನಿಗೆ, ತಂಗಿ ವಿನೋದಿನಿಯ ನಮಸ್ಕಾರಗಳು.

ತಂತಿ ತಲುಪಿರಬೇಕು. ಭಾವ ತೀರಿಕೊಂಡರು ಎಂಬುದಷ್ಟೇ ಅದರಲ್ಲಿತ್ತು. ಹೇಗೆ ಎಂದು ನೀನು ಕೇಳದೆ ಇರುವುದಿಲ್ಲ. ಇಡೀ ಮುಂಬಯಿಗೆ ಈ ಫ್ಲೂ ಬಂದಿದೆ. ನಾಲ್ಕು ದಿನ ಮಲಗಿ ಜನ ಎದ್ದು ಕೆಲಸಕ್ಕೆ ಹೋಗುತ್ತಿದ್ದಾರೆ. ನಿನ್ನ ಗಂಡನೇ ಯಾಕೆ ಏಳಲಿಲ್ಲ?

ಅವರೂ ಎದ್ದಿದ್ದರು, ಅಕ್ಕ. ಘಾಟ್ಕೋಪರಿನ ಹೋಟೆಲಿನಿಂದ, ಜೊತೆಯಲ್ಲೇ ಅಡುಗೆಗಿರುವ ಕೊರಗಪ್ಪಣ್ಣ ಅವರನ್ನು ಕರೆತಂದಾಗ ಜ್ವರ ನೂರ ನಾಲ್ಕು, ಎದೆ ತುಂಬ ಕಫ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ನನ್ನ ವಾರ್ಡಿನಲ್ಲೇ ಎರಡು ಮಂಚಗಳ ನಡುವೆ ಚಾಪೆ ಹಾಸಿ ಮಲಗಿಸಿದೆ. ನ್ಯುಮೋನಿಯಾ ಆಗದಿರಲೆಂದು ಡಾಕ್ಟರು ಹೊಸ ಕ್ಯಾಪ್ಸೂಲು ಬರೆದರು. ಐದನೇ ದಿನ ಜ್ವರ ಬಿಟ್ಟಿತು. ಗೋಡೆಗೊರಗಿ ಕುಳಿತು ಗಂಜಿ ಕುಡಿದರು. “ಇದೆಂಥ ಗಂಜಿ ಮಾರಾಯ್ತಿ, ಉಪ್ಪೂ ಇಲ್ಲ. ನಿಮ್ಮ ಅಡುಗೆಯವನನ್ನು ಒಂದು ವಾರ ನನ್ನ ಹತ್ರ ಬಿಡು” ಎಂದು ನಗಾಡಿದರು. ಸೋಮವಾರ ಕೆಲಸಕ್ಕೆ ಹೋಗ್ಲಿಕ್ಕುಂಟು ಎಂದರು.

ಮರುದಿನ ಹೊಟ್ಟೆ ಕೆಟ್ಟಿತು. ಮೊದಲು ನಾಲ್ಕು ಸಲ, ಆಮೇಲೆ ನಾನು ಎಣಿಸುವುದನ್ನೇ ಬಿಟ್ಟೆ. ಬರೀ ಹಸಿರು ನೀರು. ಇದು ಫ್ಲೂ ಅಲ್ಲ, ಕರುಳಿನಲ್ಲಿ ಬೇರೆಯೇ ರೋಗಾಣು ಬೆಳೆದಿದೆ ಎಂದರು ಡಾಕ್ಟರು. ಕ್ಯಾಪ್ಸೂಲು ಕರುಳಿಗೆ ಬೇಕಾದ ಕ್ರಿಮಿಗಳನ್ನೂ ಕೊಂದಿತಂತೆ. ಅದಕ್ಕೆ ಜಗ್ಗದ ಒಂದು ಜಾತಿ ಉಳಿದು, ಖಾಲಿಯಾದ ಜಾಗವನ್ನೆಲ್ಲ ಹಿಡಿಯಿತಂತೆ. ಅದೇ ದಿನ ಕ್ಯಾಪ್ಸೂಲು ನಿಲ್ಲಿಸಲು ಹೇಳಿದರು. ಸಲೈನ್ ಏರಿಸಿದೆವು. ಏರಿಸಿದ್ದೆಲ್ಲ ಹೊರಗೆ ಹೋಯಿತು. ಮೂರನೇ ದಿನಕ್ಕೆ ಕಣ್ಣು ಗುಳಿಬಿದ್ದು ಸ್ವರ ಕುಗ್ಗಿತು. ನನ್ನ ಕೈ ಹಿಡಿದು, “ಹೊಟ್ಟೆಯದ್ದು ಶೀಲನಿಗೆ ಬರೀಬೇಡ, ಹೆದರ್ತಾಳೆ” ಎಂದರು. ಬುಧವಾರ ಮಧ್ಯಾಹ್ನ ಹೋದರು.

ನಿನಗಾಗಿ ಕಾಯಲು ಆಗಲಿಲ್ಲ. ಮಳೆಗಾಲವೆಂದು ಊರಿನಿಂದ ಬರುವ ಹಡಗು ನಿಂತಿದೆ. ಬಸ್ಸು, ರೈಲು ಹಿಡಿದು ನೀನು ಬರುವಷ್ಟರಲ್ಲಿ ಮೂರು ದಿನ. ಇಲ್ಲಿ ಶವ ಇಡುವ ಕೋಣೆಯಲ್ಲಿ ಜಾಗವಿಲ್ಲ. ಕೊರಗಪ್ಪಣ್ಣನೇ ಚಿತೆಗೆ ಬೆಂಕಿಯಿಟ್ಟರು.

ತಂತಿಗೆ ಮುಂಚೆ ನೀನು ಹಾಕಿದ ಕಾರ್ಡು ನಿನ್ನೆ ಕೈಸೇರಿತು. ನರ್ಸಮ್ಮ ತಂಗಿ ಹತ್ತಿರವಿರುವಾಗ ನನಗೇನು ಹೆದರಿಕೆ ಎಂದು ಬರೆದಿದ್ದೀ. ಎರಡನೇ ಸಲ ಓದಲು ನನ್ನಿಂದಾಗಲಿಲ್ಲ.

ವಾರ್ಡಿನಲ್ಲಿ ಇನ್ನಿಬ್ಬರಿಗೆ ಹೊಟ್ಟೆಯದ್ದು ಶುರುವಾಗಿದೆ. ಅವರಿಗೂ ಸಲೈನ್ ಬಿಟ್ಟರೆ ಕೊಡಲು ಏನೂ ಇಲ್ಲ. ಡ್ಯೂಟಿಗೆ ಹೊತ್ತಾಯಿತು.

ಇತಿ ನಿನ್ನ ತಂಗಿ,
ವಿನೋದಿನಿ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ಕ್ಯಾಪ್ಸೂಲು ನಿಲ್ಲಿಸಲು ಹೇಳಿದ್ದು ನಿಜ. ನಾನು ನಿಲ್ಲಿಸಲಿಲ್ಲ. ಆ ಸಂಜೆ ಮತ್ತೆ ಜ್ವರ ನೂರ ಒಂದಕ್ಕೆ ಏರಿತ್ತು. ಅದೇ ವಾರದಲ್ಲಿ ನ್ಯುಮೋನಿಯಾದಿಂದ ಮೂವರು ಹೋದದ್ದನ್ನು ನೋಡಿದ್ದೆ. ಕಪಾಟಿನಿಂದ ತೆಗೆದು, ಇನ್ನೂ ಎರಡು ದಿನ ನಾನೇ ನುಂಗಿಸಿದೆ. “ಮದ್ದು ನಿಲ್ಲಿಸಿದರೂ ಯಾಕೆ ಕಡಿಮೆಯಾಗುತ್ತಿಲ್ಲ, ಸಿಸ್ಟರ್?” ಎಂದು ಡಾಕ್ಟರು ಕೇಳಿದಾಗ ಬಾಯಿ ಬಿಡಲಿಲ್ಲ. ಅವರಿಗೆ ಇನ್ನೂ ಗೊತ್ತಿಲ್ಲ. ಭಾವ ಮಾತ್ರ ಒಮ್ಮೆಯೂ ಇದೇನೆಂದು ಕೇಳಲಿಲ್ಲ, ಅಕ್ಕ. ಕೊಡುತ್ತಿರುವವಳು ನಾನೆಂದು ಬಾಯಿ ತೆರೆಯುತ್ತಿದ್ದರು.